ಚಿಂಗ್‌ತಾಂಗ್ ತಾಲ್ಲೂಕಿಗೆ ಸಂವಿಧಾನ ಬಂದದ್ದು

ಗುವಾಂಗ್‌ಶು ಚಕ್ರವರ್ತಿಗಳ ಆಳ್ವಿಕೆಯ ಮೂವತ್ತಮೂರನೆಯ ವರ್ಷ, ಎರಡನೆಯ ತಿಂಗಳಿನ ಕೊನೆಯಲ್ಲಿ, ನಮ್ಮ ಚಿಂಗ್‌ತಾಂಗ್ ತಾಲ್ಲೂಕು ಕಚೇರಿಗೆ ಪ್ರಾಂತದ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು. ಸುತ್ತೋಲೆ ಬರುವುದು ನಮಗೆ ಹೊಸದಲ್ಲ. ಅಫೀಮು ಬಿಡಿಸಿ ಎಂದು ಬಂದಿತ್ತು, ಹೆಣ್ಣುಮಕ್ಕಳ ಪಾದ ಕಟ್ಟಬೇಡಿ ಎಂದು ಬಂದಿತ್ತು, ಹೊಸ ಮಾದರಿಯ ಶಾಲೆ ತೆರೆಯಿರಿ ಎಂದು ಬಂದಿತ್ತು. ಎಲ್ಲವನ್ನೂ ನಾವು ಭಯಭಕ್ತಿಯಿಂದ ಬರಮಾಡಿಕೊಂಡು, ನಕಲು ತೆಗೆದು, ಗೋಡೆಗೆ ಅಂಟಿಸಿ, ಮೂಲಪ್ರತಿಯನ್ನು ಇಲಿಗಳ ಬಾಯಿಗೆ ಸಿಗದ ಹಾಗೆ ಎತ್ತಿಟ್ಟಿದ್ದೆವು. ಈ ಸುತ್ತೋಲೆಗೆ ಮಾತ್ರ ಅಷ್ಟು ಉಪಚಾರ ಸಾಲುವಂತಿರಲಿಲ್ಲ. ಅದರ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಸಂವಿಧಾನಬದ್ಧ ಆಳ್ವಿಕೆಗೆ ತಮ್ಮ ತಾಲ್ಲೂಕು ಎಷ್ಟರಮಟ್ಟಿಗೆ ಸಿದ್ಧವಾಗಿದೆ? ನಲವತ್ತು ದಿನಗಳಲ್ಲಿ ತನಿಖಾಧಿಕಾರಿಗಳು ಬಂದು ಕಣ್ಣಾರೆ ನೋಡತಕ್ಕದ್ದು.

ನಾನು ಆಗ ಆ ಕಚೇರಿಯಲ್ಲಿ ಮುದ್ರೆ ಕಾಯುವ ಗುಮಾಸ್ತ. ಬಟ್ಟೆ ಸುತ್ತಿದ ಮುದ್ರೆಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಮಲ್ದಾರರ ಎಡಗಡೆ ಕೂರುವುದೇ ಕೆಲಸ. ಹಾಗಾಗಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಕಣ್ಣೆದುರು ನಡೆಯದ್ದನ್ನು ನಕಲು ಗುಮಾಸ್ತ ಪಾಂಗ್‌ನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದಾಳೆ. ಆದ್ದರಿಂದ ಇದರಲ್ಲಿ ಸುಳ್ಳಿಗೆ ಜಾಗವಿಲ್ಲ.

ಅಮಲ್ದಾರ ಯಾನ್ ಶೌರೆನ್ ಅವರು ಸುತ್ತೋಲೆಯನ್ನು ಮೂರು ಸಲ ಓದಿದರು. ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ಓದಿದರು. ಆಮೇಲೆ ಸಭೆ ಕರೆದರು.

"ಏನ್ರಯ್ಯಾ, ಸಂವಿಧಾನ ಅಂದ್ರೆ ಏನು?"

ಸಭೆ ನೆಲ ನೋಡಿತು. ಇದಕ್ಕೆ ನಮ್ಮ ದಡ್ಡತನವಷ್ಟೇ ಕಾರಣವಲ್ಲ, ನಮ್ಮ ಲಿಪಿಯದೂ ಸ್ವಲ್ಪ ತಪ್ಪಿದೆ. ಸಂವಿಧಾನಕ್ಕೆಂದು ದೊಡ್ಡವರು ಆರಿಸಿದ್ದ ಅಕ್ಷರ 'ಶಿಯೆನ್'. ಅರ್ಜಿ ಬರೆಯುವಾಗ ಮೇಲಧಿಕಾರಿಗಳನ್ನು 'ಮಹಾಸ್ವಾಮಿ' ಎಂದು ಕರೆಯುವುದಕ್ಕೂ ನಾವು ಅದೇ ಅಕ್ಷರ ಬರೆಯುತ್ತಿದ್ದೆವು. ಸಾಲದ್ದಕ್ಕೆ ತಾಲ್ಲೂಕು ಎನ್ನುವ ಶಬ್ದವನ್ನೂ ಹಾಗೆಯೇ ಉಚ್ಚರಿಸುತ್ತೇವೆ. ಸುತ್ತೋಲೆಯಲ್ಲಿದ್ದದ್ದು 'ಶಿಯೆನ್ ಸ್ಥಾಪನೆಗೆ ಸಿದ್ಧತೆ'.

ಶಿರಸ್ತೇದಾರ ಕುವಾಂಗ್ ಅವರು ಮೆಲ್ಲಗೆ ಕೆಮ್ಮಿದರು. ಐವತ್ತೆಂಟು ವಯಸ್ಸಿನ, ಒಣಗಿದ ಮೂಲಂಗಿಯ ಹಾಗಿದ್ದ ಮನುಷ್ಯ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಕಾಗದಕ್ಕೂ ಸಹಿ ಹಾಕದೆ ತಪ್ಪಿಸಿಕೊಂಡವರು ಎಂದು ಅವರ ಖ್ಯಾತಿ.

"ಸ್ವಾಮೀ, ಹೊಸ ಮೇಲಧಿಕಾರಿಗಳೊಬ್ಬರನ್ನ ಸ್ಥಾಪಿಸ್ತಾರೆ ಅಂತ ಕಾಣುತ್ತೆ. ಅವ್ರು ಇಳ್ಕೊಳ್ಳೋಕೆ ಬೌದ್ಧ ವಿಹಾರದ ಹಿಂದಿನ ಕೋಣೆ ಖಾಲಿ ಮಾಡಿಸ್ಲಾ?"

"ಅಲ್ಲ ಅಲ್ಲ," ಎಂದರು ಕಂದಾಯದ ಗುಮಾಸ್ತರು. "ಹೊಸ ತಾಲ್ಲೂಕು ಸ್ಥಾಪಿಸ್ತಾರೆ. ಈ ಒಂದು ತಾಲ್ಲೂಕನ್ನೇ ನಮ್ ಕೈಲಿ ಹಿಡಿಯೋಕಾಗ್ತಿಲ್ಲ, ಇನ್ನೊಂದ್ಯಾಕೆ ಸ್ವಾಮಿ?"

ಅಮಲ್ದಾರರು ಹಣೆ ಒತ್ತಿಕೊಂಡರು. "ಯಾರಾದ್ರೂ ಜಪಾನ್ ಕಂಡವ್ರನ್ನ ಕೇಳ್ಬೇಕು. ಅದೆಲ್ಲ ಅಲ್ಲಿಂದ್ಲೇ ಬಂದಿರೋದಂತೆ."

ಎಲ್ಲರ ತಲೆಗಳೂ ಒಟ್ಟಿಗೇ ಹಿಂದಕ್ಕೆ ತಿರುಗಿದವು. ಬಾಗಿಲ ಹತ್ತಿರ ನಕಲು ತೆಗೆಯುತ್ತ ಕೂತಿದ್ದ ಪಾಂಗ್ ಯುನ್‌ಶೆಂಗ್‌ನ ಕುಂಚದಿಂದ ಒಂದು ದಪ್ಪ ಹನಿ ಮಸಿ ಕಾಗದದ ಮೇಲೆ ಬಿತ್ತು.

ಪಾಂಗ್ ಊರಿಗೆಲ್ಲ 'ಜಪಾನ್ ಪಾಂಗ್'. ಮೂರು ವರ್ಷದ ಹಿಂದೆ ಒಬ್ಬ ರೇಷ್ಮೆ ವ್ಯಾಪಾರಿಯ ಬರವಣಿಗೆಗೆಂದು ಹಡಗು ಹತ್ತಿದ್ದ. ನಾಗಸಾಕಿ ಬಂದರಿನಲ್ಲಿ ಹಡಗಿನಲ್ಲಿದ್ದ ಯಾರಿಗೋ ವಾಂತಿಭೇದಿಯಾಯಿತೆಂದು ಹನ್ನೊಂದು ದಿನ ಒಬ್ಬರನ್ನೂ ಕೆಳಗಿಳಿಯಗೊಡದೆ ಹಾಗೆಯೇ ವಾಪಸು ಕಳಿಸಿದರು. ಪಾಂಗ್ ಕಂಡ ಜಪಾನೆಂದರೆ ಒಂದು ಗುಡ್ಡ, ನಾಲ್ಕು ದೋಣಿ, ದಡದಲ್ಲಿ ಒಣಹಾಕಿದ ಮೀನು. ಆದರೆ ಇಷ್ಟನ್ನೇ ಹೇಳಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಅವನಿಗೇ ಅನ್ನಿಸಿರಬೇಕು. ಮೂರು ವರ್ಷದಿಂದ ಚಹಾದ ಅಂಗಡಿಯಲ್ಲಿ ಅವನ ಜಪಾನು ದಿನೇದಿನೇ ಬೆಳೆದು, ಈಗ ಅದರಲ್ಲಿ ಅರಮನೆಗಳೂ ರೈಲುಗಳೂ ಸ್ವತಃ ಪಾಂಗ್‌ನಿಗೆ ಬಗ್ಗಿ ನಮಸ್ಕರಿಸಿದ ಒಬ್ಬ ಮಂತ್ರಿಯೂ ಇದ್ದರು.

"ಪಾಂಗ್, ಎದ್ದು ಹೇಳು. ಆ ದೇಶದಲ್ಲಿ ಸಂವಿಧಾನ ಹ್ಯಾಗಿದೆ?"

ಪಾಂಗ್ ಎದ್ದ. "ಬಹಳ... ದೊಡ್ಡದಾಗಿದೆ ಸ್ವಾಮಿ."

"ದೊಡ್ಡದು ಅಂದ್ರೆ?"

ಹಡಗಿನ ಅಡುಗೆಯವನು ಅಕ್ಕಿ ತೊಳೆಯುತ್ತ ಯಾವಾಗಲೋ ಹೇಳಿದ್ದೊಂದು ಮಾತು ಆ ಕ್ಷಣದಲ್ಲಿ ಪಾಂಗ್‌ನಿಗೆ ನೆನಪಾಯಿತು. "ಸ್ವಾಮೀ, ಅಲ್ಲಿ ಚಕ್ರವರ್ತಿಗಳು ಯಾವ್ ತಪ್ಪೂ ಮಾಡೋದೇ ಇಲ್ಲ. ಏನೇ ತಪ್ಪಾದ್ರೂ ಅದು ಮಂತ್ರಿಗಳ ತಪ್ಪು. ಬೈಗುಳ ಎಲ್ಲಾ ಮಂತ್ರಿಗಳಿಗೆ. ಇದೇ ಸಂವಿಧಾನ."

ಅಮಲ್ದಾರರು ಕುರ್ಚಿಯ ಅಂಚಿಗೆ ಬಂದರು. "ಏನಂದೆ? ಇನ್ನೊಂದ್ಸಲ ಹೇಳು."

ಪಾಂಗ್ ಇನ್ನೊಂದು ಸಲ ಹೇಳಿದ. ಅಮಲ್ದಾರರ ಮುಖದಲ್ಲಿ ಹೂವು ಅರಳಿತು. ಇದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಅವರಿಗೆ ಪ್ರಾಂತದಿಂದ ಮೂರು ಛೀಮಾರಿ ಬಂದಿದ್ದವು: ಒಂದು, ಕಾಲುವೆಯ ದಂಡೆ ಒಡೆದದ್ದಕ್ಕೆ; ಇನ್ನೊಂದು, ದಂಡೆ ಒಡೆದ ವರದಿ ತಡವಾದದ್ದಕ್ಕೆ; ಮತ್ತೊಂದು, ಆ ವರದಿ ವಿಪರೀತ ಉದ್ದವಾಗಿದ್ದದ್ದಕ್ಕೆ.

"ಎಂಥಾ ಜ್ಞಾನಿಗಳಯ್ಯಾ ಆ ಜನ!" ಎಂದರು. "ತನಿಖಾಧಿಕಾರಿಗಳಿಗೆ ವರದಿ ತೋರ್ಸೋದೇನು, ಜಾರೀಲಿರೋದನ್ನೇ ತೋರ್ಸಿಬಿಡೋಣ. ಮೂರನೇ ತಿಂಗಳ ಒಂದನೇ ತಾರೀಖಿನಿಂದ ಈ ಕಚೇರಿ ಸಂವಿಧಾನಬದ್ಧ. ಚಕ್ರವರ್ತಿಗಳ ಜಾಗದಲ್ಲಿ, ಬರೀ ಉದಾಹರಣೆಗೆ, ನಾನು. ಮಂತ್ರಿಗಳು ನಮ್ಮ ಕುವಾಂಗ್ ಅವ್ರು."

ಕುವಾಂಗ್ ಅವರನ್ನು ಇಬ್ಬರು ಹಿಡಿದು ಕೂರಿಸಿದರು. ಬಿಸಿನೀರು ಕುಡಿಸಿದರು.

ಅದೇ ಸಂಜೆ ಶಿರಸ್ತೇದಾರರು ಒಂದು ಉಪ್ಪುಹಾಕಿದ ಬಾತುಕೋಳಿಯನ್ನು ಎಲೆಯಲ್ಲಿ ಸುತ್ತಿಕೊಂಡು ಪಾಂಗ್‌ನ ಮನೆಗೆ ಬಂದರು. ಪಾಂಗ್‌ನ ಹೆಂಡತಿ ಶಿಯೂಲಾನ್ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

"ಪಾಂಗ್, ನಿಂಗೆ ನಾನೇನು ಅನ್ಯಾಯ ಮಾಡಿದ್ನಪ್ಪಾ?" ಎಂದು ಶಿರಸ್ತೇದಾರರು ಬಾತುಕೋಳಿಯನ್ನು ಮುಂದಿಟ್ಟರು. "ಇನ್ನೆರಡು ವರ್ಷ ಕಳೆದ್ರೆ ಮನೆಗೆ ಹೋಗಿ ಸೇವಂತಿಗೆ ಬೆಳಸ್ಕೊಂಡು ಇರ್ತಿದ್ದೆ. ಈಗ ದಂಡೆ ಒಡೆದ್ರೆ ನಾನು, ಮಳೆ ಬಾರದಿದ್ರೆ ನಾನು! ಆ ಸಂವಿಧಾನದಲ್ಲಿ ಇನ್ನೊಂದು ಕಲಮು ಏನಾದ್ರೂ ಇದ್ದೇ ಇರುತ್ತೆ, ಸ್ವಲ್ಪ ಜ್ಞಾಪಿಸ್ಕೋ."

"ಇದ್ದಂಗಿತ್ತು ಸ್ವಾಮಿ..." ಎಂದು ಪಾಂಗ್ ಬಾತುಕೋಳಿಯನ್ನು ನೋಡಿದ.

ಶಿಯೂಲಾನ್ ಕತ್ತಿ ಕೆಳಗಿಡಲಿಲ್ಲ. "ಇದಕ್ಯಾಕೆ ಜ್ಞಾಪಿಸ್ಕೋಬೇಕು? ಬೈಸ್ಕೊಳ್ಳೋರು ಇವ್ರಾದ್ರೆ, ಹುಕುಂ ಹೊರಡೋಕ್ ಮುಂಚೆ ಇವ್ರೇ ಓದಿ ಒಪ್ಪಿಗೆ ಹಾಕ್ಬೇಕು. ಒಪ್ಪಿಗೆ ಇಲ್ದಿದ್ರೆ ಹುಕುಂ ಇಲ್ಲ. ನಮ್ಮನೇಲಿ ಸಾರು ಕೆಟ್ರೆ ನಮ್ಮತ್ತೆ ನನ್ನನ್ನ ಬೈತಾರೆ. ಅದಕ್ಕೇ ಉಪ್ಪಿನ ಗಡಿಗೇನ ಇನ್ಯಾರ ಕೈಗೂ ಕೊಡಲ್ಲ ನಾನು."

ಪಾಂಗ್ ತೊಡೆ ತಟ್ಟಿದ. "ಹಾಂ! ಅದೇ! ಜಪಾನಿನಲ್ಲೂ ಹಿಂಗೇನೆ! ಎರಡನೇ ಕಲಮು!"

ಮರುದಿನ ಸಭೆಯಲ್ಲಿ ಎರಡನೆಯ ಕಲಮು ಘೋಷಣೆಯಾಯಿತು: ಶಿರಸ್ತೇದಾರರ ಸಹಿಯಿಲ್ಲದೆ ಅಮಲ್ದಾರರ ಬಾಯಿಂದ ಹೊರಟ ಯಾವ ಹುಕುಮೂ ಹುಕುಮಲ್ಲ, ಅದಕ್ಕೆ ಮುದ್ರೆ ಒತ್ತತಕ್ಕದ್ದಲ್ಲ. ಅಮಲ್ದಾರರು ಉದಾರವಾಗಿ ಕೈ ಬೀಸಿದರು. "ಹಾಕ್ಲಿ, ಹಾಕ್ಲಿ, ಸಹಿ ಹಾಕಿದ್ರೆ ನನ್ನದೇನು ಹೋಗುತ್ತೆ? ಸಿಕ್ಕಿಬೀಳೋರು ಅವ್ರೇ."

ಅವರದೇನು ಹೋಗುತ್ತದೆ ಎಂಬುದು ಮೂರು ದಿನದಲ್ಲಿ ಗೊತ್ತಾಯಿತು.

ಇಪ್ಪತ್ತು ವರ್ಷ ಯಾವುದಕ್ಕೂ ಸಹಿ ಹಾಕದವರ ಕೈಗೆ ಸಹಿ ಹಾಕುವ ಅಧಿಕಾರ ಬಂದಿತ್ತು. ಕುವಾಂಗ್ ಅವರು ಪ್ರತಿಯೊಂದು ಕಾಗದವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದರು, ತಿರುವಿ ಹಾಕಿ ಬೆನ್ನನ್ನೂ ನೋಡುತ್ತಿದ್ದರು, ಕುಂಚ ಅದ್ದುತ್ತಿದ್ದರು, ನಿಟ್ಟುಸಿರು ಬಿಟ್ಟು ಮತ್ತೆ ಕೆಳಗಿಡುತ್ತಿದ್ದರು. ಪಲ್ಲಕ್ಕಿಗೆ ಹೊಸ ಪರದೆ ಬೇಕೆಂಬ ಹುಕುಂ ಹೋಯಿತು. "ಇದ್ದ ಪರದೆಯಲ್ಲಿ ತೂತೆಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸ್ಬೇಕಲ್ಲ" ಎಂದು ವಾಪಸು ಬಂತು. ಅಮಲ್ದಾರರು ಮಧ್ಯಾಹ್ನಕ್ಕೆ ಏಡಿ ತರಿಸಿ ಎಂದು ಚೀಟಿ ಬರೆದರು. ಚೀಟಿಯನ್ನೂ ಅಭ್ಯಾಸಬಲದಿಂದ ಗುಮಾಸ್ತರು ಶಿರಸ್ತೇದಾರರ ಮುಂದೆ ಇಟ್ಟರು.

"ಸ್ವಾಮಿಗಳಿಗೆ ಹೋದ್ಸಲ ಏಡಿ ತಿಂದು ಹೊಟ್ಟೆ ನೋವು ಬಂದಿತ್ತಲ್ವಾ?" ಎಂದರು ಕುವಾಂಗ್.

"ಬಂದಿತ್ತು, ಅದಕ್ಕೇನೀಗ?"

"ಈ ಸಲ ಬಂದ್ರೆ ಅದು ನನ್ನ ತಪ್ಪು, ಸ್ವಾಮಿ."

ಅಮಲ್ದಾರರು ಆ ಮಧ್ಯಾಹ್ನ ಗಂಜಿ ಕುಡಿದರು.

ಆಮೇಲೆ ಬಂತು ಸುಜೋವಿನ ಕಾಗದ. ಸುಜೋ ಪಟ್ಟಣದಲ್ಲಿ ಹತ್ತೊಂಬತ್ತು ವರ್ಷದ, ಪೀಪಾ ಎಂಬ ತಂತಿವಾದ್ಯ ನುಡಿಸುವ ಒಬ್ಬ ಹೆಣ್ಣನ್ನು ಅಮಲ್ದಾರರು ಎರಡನೆಯ ಹೆಂಡತಿಯಾಗಿ ತರಬೇಕೆಂದಿದ್ದರು. ಅದಕ್ಕೆ ಕಚೇರಿಯ ದೋಣಿ ಕಳಿಸಬೇಕು. ದೋಣಿ ಸರ್ಕಾರದ್ದು, ಹಾಗಾಗಿ ಹುಕುಂ ಬೇಕು. ಕುವಾಂಗ್ ಅವರು ಆ ಕಾಗದವನ್ನು ಓದಿ ಬಿಳಿಚಿಕೊಂಡರು. "ಅಮ್ಮಾವ್ರು ಕೇಳಿದ್ರೆ ಇದಕ್ಕೆ ಜವಾಬ್ದಾರರು ಯಾರು? ನಾನೇ ಅಲ್ವೇ?" ಎಂದು ಅದನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿ ಕೆಂಡ ದಾಟಿಸುವವರ ಹಾಗೆ, ತಿರುಗಿ ಕಳಿಸಿದರು. ಅದು ಹೇಗೆ ಒಳಮನೆಗೆ ತಿಳಿಯಿತೋ ಕಾಣೆ. ಮಾರನೆಯ ದಿನ ಅಮಲ್ದಾರರ ಹೆಂಡತಿ ಶಿರಸ್ತೇದಾರರಿಗೆ ಒಂದು ಮುಚ್ಚಳದ ಬಟ್ಟಲಿನಲ್ಲಿ ಹಾವುಮೀನಿನ ಸಾರು ಕಳಿಸಿಕೊಟ್ಟರು. "ಸಂವಿಧಾನಾನ ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳಿದಾರೆ" ಎಂದಳು ಸಾರು ತಂದ ದಾಸಿ.

ಇಷ್ಟೆಲ್ಲ ನಗುವ ವಿಷಯ. ಊರೂ ನಗುತ್ತಿತ್ತು. ನಗಲಾಗದ್ದು ನಡೆದದ್ದು ಸುತ್ತೋಲೆ ಬಂದ ಮೂವತ್ತನಾಲ್ಕನೆಯ ದಿನ.

ಪಕ್ಕದ ತಾಲ್ಲೂಕಿನವರು 'ಸಂವಿಧಾನ ಸಿದ್ಧತಾ ಭವನ' ಎಂದು ಎರಡಂತಸ್ತಿನ ಕಟ್ಟಡ ಎಬ್ಬಿಸಿ, ಮುಂಭಾಗದಲ್ಲಿ ಪಾಶ್ಚಾತ್ಯ ಗಡಿಯಾರ ಕೂರಿಸಿದ್ದಾರೆಂಬ ಸುದ್ದಿ ಬಂತು. ಅಮಲ್ದಾರರಿಗೆ ನಿದ್ದೆ ಹಾರಿತು. ಇನ್ನು ಆರು ದಿನದಲ್ಲಿ ಕಟ್ಟಡ ಎಬ್ಬಿಸಲಾಗದು. ಕನಿಷ್ಠ ಕಮಾನು, ಒಂದು ಫಲಕ, ಎರಡು ಬಾವುಟವಾದರೂ ಬೇಕು. ಅವನ್ನು ಕಚೇರಿಗೆ ನೇರ ಎದುರಿಗೆ, ಸೇತುವೆಯ ಬುಡದಲ್ಲಿ ನಿಲ್ಲಿಸಬೇಕು. ಅಲ್ಲಿ ಮೆಂಗ್ ಅತ್ತಿಗೆಯ ತೋಫು ಅಂಗಡಿಯಿತ್ತು.

ಮೆಂಗ್ ಅತ್ತಿಗೆ ಊರಿಗೆಲ್ಲ ಅತ್ತಿಗೆ. ಗಂಡ ಕಾಲುವೆಯಲ್ಲಿ ಮುಳುಗಿ ಸತ್ತ ಮೇಲೆ ಇಪ್ಪತ್ತೆರಡು ವರ್ಷದಿಂದ ಬೀಸುಕಲ್ಲು ತಿರುಗಿಸಿ, ಕಣ್ಣು ಕಾಣದ ಅತ್ತೆಯನ್ನು ಸಾಕಿದವಳು. ಅಂಗಡಿಯೇ ಮನೆ, ಮನೆಯೇ ಅಂಗಡಿ. ಕಚೇರಿಯ ನಾವೆಲ್ಲ ಬೆಳಿಗ್ಗೆ ಅವಳ ಬಿಸಿ ತೋಫುವಿಗೆ ಸೋಯಾ ರಸ, ಒಣಸೀಗಡಿ ಹಾಕಿಸಿಕೊಂಡು ತಿಂದೇ ಒಳಗೆ ಹೋಗುತ್ತಿದ್ದದ್ದು.

'ಮೂರು ದಿನದೊಳಗೆ ಕೆಡವತಕ್ಕದ್ದು' ಎಂಬ ಹುಕುಮನ್ನು ನಕಲು ಮಾಡಿದವನು ಪಾಂಗ್. ಅವನು ಆ ದಿನ ಊಟ ಮಾಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಅತ್ತಿಗೆ ಸೇತುವೆಯ ಮೇಲೇ ಅವನನ್ನು ತಡೆದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಏ ಪಾಂಗ್, ನಿಲ್ಲು. ಜಪಾನಿಗೆ ಹೋಗಿ ಬಂದೋನು ನೀನೇ ಅಲ್ವಾ? ಅಲ್ಲಿ ಸಂವಿಧಾನ ಬಂದ್ರೆ ಬಡವ್ರ ಅಂಗಡಿ ಕೆಡವ್ತಾರೇನೋ?"

"ಅತ್ತಿಗೇ, ಅದು..."

"ಅದೂ ಇಲ್ಲ ಇದೂ ಇಲ್ಲ. ಕೆಡವ್ತಾರೋ ಇಲ್ವೋ?"

ಪಾಂಗ್ ಸೇತುವೆಯ ಕಲ್ಲು ನೋಡಿದ, ನೀರು ನೋಡಿದ. "ಇಲ್ಲ ಅತ್ತಿಗೆ. ಅಲ್ಲಿ ತೋಫು ಅಂಗಡಿ ಮುಟ್ಟಂಗಿಲ್ಲ. ಮೂರನೇ ಕಲಮು."

"ಹಂಗಾದ್ರೆ ಅದನ್ನ ನಿಮ್ ದೊರೇಗ್ ಹೇಳು. ನಂಗೆ ಹೇಳಿ ಏನ್ ಬಂತು?" ಎಂದು ಅವಳು ಹೊರಟುಹೋದಳು.

ಹುಕುಂ ಎರಡು ದಿನ ಕುವಾಂಗ್ ಅವರ ಮೇಜಿನ ಮೇಲೆ ಮಲಗಿತ್ತು. ಅದರಲ್ಲಿ ಪ್ರಾಂತಾಧಿಪತಿಗಳ ಸುತ್ತೋಲೆಯ ಉಲ್ಲೇಖವಿತ್ತು. ಸಹಿ ಹಾಕದಿದ್ದರೆ ಧಿಕ್ಕಾರ. ಸಹಿ ಹಾಕಿದರೆ ವಿಧವೆಯ ಮನೆ, ಕುರುಡಿ ಮುದುಕಿ. ನಾಳೆ ಯಾರಾದರೂ ದೂರು ಕೊಟ್ಟರೆ ಜವಾಬ್ದಾರಿ ಅವರದೇ. ಮೂರನೆಯ ಬೆಳಿಗ್ಗೆ ಅಮಲ್ದಾರರು ಸಭೆಗೆ ಬಂದು ಕೂತವರೇ ಕೇಳಿದರು: "ಕುವಾಂಗ್, ಏನಾಯ್ತು ಆ ಕಾಗದ?"

ಶಿರಸ್ತೇದಾರರು ಎದ್ದು ನಿಂತರು. "ಸ್ವಾಮೀ, ಇದನ್ನ ನಾನು ಹದಿನಾಲ್ಕು ಸಲ ಓದ್ದೆ. ಪ್ರತಿ ಸಲಾನೂ ಕೊನೇಲಿ ಆ ಮುದುಕಿ ಎಲ್ಲಿಗೆ ಹೋಗ್ತಾಳೆ ಅಂತ ಬರೆದಿಲ್ಲ."

"ಅದನ್ಯಾಕೆ ಬರೀಬೇಕು?"

"ಕೇಳಿದವ್ರಿಗೆ ಹೇಳಬೇಕಾದೋನು ನಾನಲ್ವಾ ಸ್ವಾಮಿ. ಅದಕ್ಕೇ... ಸಹಿ ಹಾಕಿಲ್ಲ."

ಅದೇ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ಕಾವಲುಗಾರರನ್ನು ಮೊಣಕೈಯಿಂದ ತಳ್ಳಿಕೊಂಡು ಮೆಂಗ್ ಅತ್ತಿಗೆ ನುಗ್ಗಿದಳು, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. ಅವಳ ಹಿಂದೆ ಆಗತಾನೆ ಅವಳ ಅಂಗಡಿಯಲ್ಲಿ ತಿನ್ನುತ್ತಿದ್ದ ಗಿರಾಕಿಗಳ ಹಿಂಡು. ಅವರಲ್ಲೊಬ್ಬ ಧೂಳಿನ ನಿಲುವಂಗಿಯ ಅಪರಿಚಿತ, ಮುಗಿಸದ ತೋಫು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ.

"ಕೆಡವಿ ಸ್ವಾಮಿ, ಕೆಡವಿ!" ಎಂದಳು ಅತ್ತಿಗೆ. "ಆದ್ರೆ ಮೊದ್ಲು ನಮ್ಮತ್ತೇನ ಎತ್ಕೊಂಡೋಗಿ ನಿಮ್ಮ ಒಳಮನೇಲಿ ಮಲಗಿಸ್ಕೊಳ್ಳಿ. ಅವ್ರು ರಾತ್ರಿ ಪೂರ್ತಿ ಕೆಮ್ತಾರೆ, ಹೇಳಿರ್ತೀನಿ."

ಗಿರಾಕಿಗಳು ನಕ್ಕರು. ಹಿಂದಿನ ಸಾಲಿನ ಗುಮಾಸ್ತರೂ ನಕ್ಕರು. ಅಮಲ್ದಾರರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಒಂದು ತಿಂಗಳಿನ ಗಂಜಿ, ಹಳೆಯ ಪರದೆ, ಬಾರದೇ ಹೋದ ಪೀಪಾ ವಾದನ, ಎಲ್ಲವೂ ಒಟ್ಟಿಗೇ ನೆತ್ತಿಗೇರಿರಬೇಕು. ಮೇಜು ಗುದ್ದಿ ಎದ್ದರು.

"ಸಹಿಯಂತೆ ಸಹಿ! ಇಲ್ಲಿ ಚಕ್ರವರ್ತಿ ನಾನು!"

ಸಭೆ ತಣ್ಣಗಾಯಿತು. ನಮ್ಮ ಕಾಲದಲ್ಲಿ ಆ ಮಾತಿಗೆ ಒಂದೇ ಅರ್ಥ, ಒಂದೇ ಶಿಕ್ಷೆ. ಹೇಳಿದವನ ತಲೆ ಮಾತ್ರವಲ್ಲ, ಕೇಳಿ ಸುಮ್ಮನಿದ್ದವರ ತಲೆಯೂ ಲೆಕ್ಕಕ್ಕೆ ಬರುತ್ತಿತ್ತು. ನನ್ನ ತೊಡೆಯ ಮೇಲಿನ ಮುದ್ರೆಪೆಟ್ಟಿಗೆ ಇದ್ದಕ್ಕಿದ್ದಂತೆ ಬೀಸುಕಲ್ಲಿನಷ್ಟು ಭಾರವಾಯಿತು.

ಅಷ್ಟರಲ್ಲಿ ಧೂಳಿನ ನಿಲುವಂಗಿಯ ಮನುಷ್ಯ ಕೊನೆಯ ತುತ್ತನ್ನು ನುಂಗಿ, ಬಟ್ಟಲನ್ನು ಎಲ್ಲಿಡಬೇಕೆಂದು ಹುಡುಕಿ, ಸಿಗದೆ ಹಿಡಿದುಕೊಂಡೇ ಹೇಳಿದ: "ನಾನು ವೆಯಿ. ಪ್ರಾಂತದ ತನಿಖಾಧಿಕಾರಿ. ಗಾಳಿ ಅನುಕೂಲವಾಗಿತ್ತು, ದೋಣಿ ಮೂರು ದಿನ ಮುಂಚೆ ಮುಟ್ತು. ಈಗ ಯಾರು ಏನಂದ್ರಿ?"

ಅಮಲ್ದಾರರು ಕುರ್ಚಿಯಲ್ಲಿ ಕುಸಿದರು. ಟೋಪಿಯ ತುದಿಯ ಗುಂಡಿ ಗಿಲಕಿಯ ಹಾಗೆ ಅಲುಗುತ್ತಿತ್ತು. ಆದರೆ ಮುಳುಗುವವರಿಗೂ ಒಂದು ಕ್ಷಣ ಬುದ್ಧಿ ಓಡುತ್ತದೆ. ಬೆರಳನ್ನು ಅವರು ಶಿರಸ್ತೇದಾರರ ಕಡೆ ಚಾಚಿದರು. "ಮೊದಲನೇ ಕಲಮು ಪ್ರಕಾರ... ನನ್ನ ಬಾಯಿಂದ ಏನೇ ತಪ್ಪು ಬಂದ್ರೂ... ಅದಕ್ಕೆ ಜವಾಬ್ದಾರರು ಇವರು!"

ಎಲ್ಲರೂ ಕುವಾಂಗ್ ಅವರನ್ನು ನೋಡಿದೆವು. ಈಗ ಮೂರ್ಛೆ ಹೋಗುತ್ತಾರೆಂದು ಇಬ್ಬರು ಹಿಡಿಯಲು ಸಿದ್ಧರಾದರು. ಅವರು ಮೂರ್ಛೆ ಹೋಗಲಿಲ್ಲ. ಅಮಲ್ದಾರರತ್ತ ವಿನಯದಿಂದ ಬಗ್ಗಿ ಹೇಳಿದರು:

"ಸ್ವಾಮೀ, ಆ ಮಾತಿಗೆ ನಾನು ಸಹಿ ಹಾಕಿಲ್ಲ."

ತನಿಖಾಧಿಕಾರಿಗಳ ಹುಬ್ಬು ಮೇಲೇರಿತು. "ಏನಿದು ಕಲಮು, ಸಹಿ? ಯಾರಾದ್ರೂ ಬಿಡಿಸಿ ಹೇಳ್ತೀರಾ?"

ಬಾಗಿಲ ಬಳಿಯಿಂದ ಪಾಂಗ್ ಎದ್ದು ಬಂದು ಮಂಡಿಯೂರಿದ. ಅಮಲ್ದಾರರು ಉದಾಹರಣೆಗಷ್ಟೇ ಚಕ್ರವರ್ತಿಗಳ ಜಾಗದಲ್ಲಿ ಕೂತದ್ದು, ಕುವಾಂಗ್ ಮಂತ್ರಿಯಾದದ್ದು, ಸಹಿಯ ನಿಯಮ, ಏಡಿ, ಅಂಗಡಿ, ಎಲ್ಲವನ್ನೂ ಹೇಳಿದ. ಸುಜೋವನ್ನು ಮಾತ್ರ ಬಿಟ್ಟ.

ವೆಯಿ ಅವರು ಅರ್ಧಕ್ಕೇ ಬಟ್ಟಲನ್ನು ಅತ್ತಿಗೆಯ ಕೈಗೆ ಕೊಟ್ಟು, ನನ್ನ ಪಕ್ಕದಲ್ಲೇ ಕೂತು, ಕುಂಚ ತೆಗೆದುಕೊಂಡು ಬರೆದುಕೊಳ್ಳತೊಡಗಿದ್ದರು. "ಇದನ್ನೆಲ್ಲ ಎಲ್ಲಿ ಕಲಿತೆ?"

"ಜಪಾನ್... ಜಪಾನ್ ಕಡೆ, ಸ್ವಾಮಿ."

"ಹೌದಾ? ನಾನೂ ತೋಕಿಯೋದಲ್ಲಿ ಆರು ತಿಂಗಳು ಕಾನೂನು ಓದಿದವ್ನು. ನೀನು ಯಾವ ಬೀದೀಲಿದ್ದೆ?"

ಮೂರು ವರ್ಷ ಬೆಳೆಸಿದ ಅರಮನೆ, ರೈಲು, ಬಗ್ಗಿದ ಮಂತ್ರಿ, ಎಲ್ಲವೂ ಪಾಂಗ್‌ನ ಕಣ್ಣ ಮುಂದೆ ನಿಂತಿರಬೇಕು. ಒಂದು ಬೀದಿಯ ಹೆಸರು ಸೃಷ್ಟಿಸುವುದು ಅವನಿಗೆ ಕಷ್ಟವಾಗಿರಲಿಲ್ಲ. ಅವನು ಅತ್ತಿಗೆಯ ಮುಖ ನೋಡಿದ, ಕುವಾಂಗ್ ಅವರ ಮುಖ ನೋಡಿದ.

"ಬೀದೀಲಿರ್ಲಿಲ್ಲ ಸ್ವಾಮಿ. ಹಡಗಲ್ಲಿದ್ದೆ. ಇಳೀಲೇ ಇಲ್ಲ. ಮೊದಲನೇ ಕಲಮು ಹಡಗಿನ ಅಡುಗೆಯವ್ನು ಹೇಳಿದ್ದು. ಎರಡನೇದು ನನ್ನ ಹೆಂಡ್ತೀದು. ಮೂರನೇದು ಸುಳ್ಳು. ಇವ್ರಲ್ಲಿ ಯಾರ ತಪ್ಪೂ ಇಲ್ಲ. ತಪ್ಪೆಲ್ಲ ನನ್ನದು. ಹೊಡೆಯೋದಾದ್ರೆ ನನಗೆ ಹೊಡೀರಿ."

ಚಹಾದ ಅಂಗಡಿಯ ಮೂವರು ಗೆಳೆಯರು ಗಿರಾಕಿಗಳ ಹಿಂಡಿನಲ್ಲೇ ಇದ್ದರು. ಪಾಂಗ್‌ನ ಕಿವಿ ಕೆಂಪಗಾಗಿ ಉರಿಯುತ್ತಿತ್ತು.

ವೆಯಿ ಅವರು ಕುಂಚ ಕೆಳಗಿಟ್ಟರು. ಆಮೇಲೆ ನನಗೂ ಪಾಂಗ್‌ನಿಗೂ ಮಾತ್ರ ಕೇಳುವಷ್ಟು ಮೆಲುದನಿಯಲ್ಲಿ ಹೇಳಿದರು: "ತೋಕಿಯೋದಲ್ಲಿ ಅಧ್ಯಾಪಕರು ಜಪಾನೀ ಭಾಷೇಲಿ ಹೇಳ್ತಿದ್ರು, ದುಭಾಷಿ ಕ್ಯಾಂಟನ್ ಕಡೆಯವ್ನು. ಆರು ತಿಂಗಳು ನನಗೆ ಅರ್ಥವಾದದ್ದು ಊಟದ ಗಂಟೆ ಒಂದೇ. ಹತ್ತು ತಾಲ್ಲೂಕು ನೋಡ್ಕೊಂಡು ಬಂದೆ. ಎಲ್ಲಾ ಕಡೆ ಗಡಿಯಾರ ತೋರಿಸಿದ್ರು, ಬಾವುಟ ತೋರಿಸಿದ್ರು, ಒಂದು ಕಡೆ ಕಹಳೆ ಊದಿದ್ರು. ಮೇಲಿನವ್ರಿಗೆ ಆಗಲ್ಲ ಅಂದವ್ರನ್ನ, ತಪ್ಪು ನನ್ನದು ಅಂದವ್ರನ್ನ ಈವತ್ತೇ ನೋಡಿದ್ದು."

ಅನಂತರ ಎದ್ದು ನಿಂತು ಸಭೆಗೆ ಕೇಳುವ ಹಾಗೆ ಘೋಷಿಸಿದರು: "ಈ ಕಚೇರಿಯ ನಿಯಮದ ಪ್ರಕಾರ ಶಿರಸ್ತೇದಾರರ ಸಹಿ ಇಲ್ಲದೆ ಅಮಲ್ದಾರರ ಬಾಯಿಂದ ಬಂದ ಮಾತಿಗೆ ಬೆಲೆಯಿಲ್ಲ. ಆದ್ದರಿಂದ ಈಗ ಬಂದ ಆ ಮಾತು ಬಂದೇ ಇಲ್ಲ. ನಾನು ಕೇಳಿಲ್ಲ. ನೀವ್ಯಾರಾದ್ರೂ ಕೇಳಿದ್ರಾ?"

ಚಿಂಗ್‌ತಾಂಗ್ ತಾಲ್ಲೂಕು ಒಕ್ಕೊರಲಿನಿಂದ ಕಿವುಡಾಯಿತು. ಅತ್ತಿಗೆಯೊಬ್ಬಳೇ "ನಂಗೆ ಬೀಸುಕಲ್ಲಿನ ಸದ್ದಲ್ಲಿ ಏನೂ ಕೇಳ್ಸಲ್ಲ ಸ್ವಾಮಿ" ಎಂದು, ಬೀಸುಕಲ್ಲು ನೂರು ಹೆಜ್ಜೆ ಆಚೆಯಿದ್ದರೂ, ಹೇಳಿದಳು.

"ಅಂಗಡಿ ಕೆಡವೋ ಹುಕುಮಿಗೂ ಸಹಿ ಇಲ್ಲ. ಹಾಗಾಗಿ ಅದೂ ಇಲ್ಲ. ಅಮಲ್ದಾರರೇ, ನಿಮ್ಮ ಪ್ರಾಣ ಉಳಿಸಿರೋದು ನಿಮ್ಮ ಸಂವಿಧಾನ. ಸ್ವಲ್ಪ ಗೌರವ ಇಟ್ಕೊಳ್ಳಿ."

ಯಾನ್ ಅವರು ತಲೆಯಾಡಿಸಿದರು. ತಲೆ ಕತ್ತಿನ ಮೇಲೇ ಇದೆಯೆಂದು ಖಚಿತವಾದ ಮೇಲೆ ಇನ್ನೊಮ್ಮೆ ಆಡಿಸಿದರು.

ತನಿಖಾಧಿಕಾರಿಗಳ ವರದಿ ರಾಜಧಾನಿಯಲ್ಲಿ ಒಳ್ಳೆಯ ಹೆಸರು ಮಾಡಿತು. 'ಚಿಂಗ್‌ತಾಂಗ್ ಪದ್ಧತಿ'ಯನ್ನು ಪ್ರಾಂತದ ಎಲ್ಲ ಕಚೇರಿಗಳಿಗೂ ಹರಡಬೇಕೆಂದು ಮೊದಲು ತೀರ್ಮಾನವಾಯಿತಂತೆ. ಆದರೆ ಹಾಗಾದರೆ ಪ್ರಾಂತಾಧಿಪತಿಗಳ ಹುಕುಮುಗಳಿಗೂ ಇನ್ನೊಬ್ಬರು ಸಹಿ ಹಾಕಬೇಕಾಗುತ್ತದೆಂದು ಯಾರಿಗೋ ಹೊಳೆಯಿತು. ಕೂಡಲೇ ವಿಷಯವನ್ನು ಆಳವಾದ ಅಧ್ಯಯನಕ್ಕೆಂದು ಒಂದು ಸಮಿತಿಗೆ ಒಪ್ಪಿಸಿದರು. ಆ ಸಮಿತಿ ಇನ್ನೂ ಅಧ್ಯಯನ ಮಾಡುತ್ತಿದ್ದರೂ ನನಗೆ ಆಶ್ಚರ್ಯವಿಲ್ಲ. ಪಾಂಗ್ ಒಂದು ತಿಂಗಳು ಚಹಾದ ಅಂಗಡಿಯ ದಾರಿ ಬಿಟ್ಟು ಸುತ್ತಿಬಳಸಿ ಮನೆಗೆ ಹೋದ. ಆಮೇಲೆ ಗೆಳೆಯರೇ ಎಳೆದುಕೊಂಡು ಬಂದು, ಹಡಗಿನ ಕಥೆ ಹೇಳೆಂದು ಪೀಡಿಸಿದರು. ಹಡಗಿನ ಹನ್ನೊಂದು ದಿನದ ಕಥೆ ಅರಮನೆಯ ಕಥೆಗಿಂತ ಚೆನ್ನಾಗಿತ್ತು.

ಬೇಸಿಗೆ ಕಳೆಯುವಷ್ಟರಲ್ಲಿ ಯಾನ್ ಅವರಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹೊಸ ಅಮಲ್ದಾರರು ಗಡುಸು ದನಿಯ, ಚುರುಕು ಮನುಷ್ಯ. ಬಂದ ದಿನವೇ ಹಳೆಯ ಕಾಗದಗಳನ್ನು ತಿರುವಿ, "ಏನಿದು ಹುಚ್ಚಾಟ! ಕಲಮು ಗಿಲಮು ಎಲ್ಲಾ ರದ್ದು. ನಾನು ಹೇಳ್ತೀನಿ, ನೀವು ಮಾಡ್ತೀರಿ" ಎಂದರು. ಸಭೆ ಬಗ್ಗಿ ಒಪ್ಪಿತು. ಚಿಂಗ್‌ತಾಂಗಿನ ಸಂವಿಧಾನ ಅಲ್ಲಿಗೆ ಮುಗಿಯಿತು.

ಎಂಟನೆಯ ತಿಂಗಳಲ್ಲಿ, ಭತ್ತ ಕೊಯ್ಲಿಗೆ ಬಂದು ನಿಂತಿದ್ದಾಗ, ಮೇಲಿನವರ ಮೆರವಣಿಗೆಯ ದೋಣಿಯನ್ನು ಪ್ರವಾಹಕ್ಕೆದುರಾಗಿ ಎಳೆಯಲು ಊರಿಗಿಷ್ಟು ಗಂಡಾಳು ಕಳಿಸಬೇಕೆಂದು ಅವರು ಒಂದು ಹುಕುಂ ಬರೆದರು. ಬರೆದು, "ಮುದ್ರೆ" ಎಂದು ಎಡಗಡೆ ಕೈ ಚಾಚಿದರು.

ನಾನು ಪೆಟ್ಟಿಗೆಯ ಬಟ್ಟೆ ಬಿಚ್ಚತೊಡಗಿದೆ. ಆ ಗಂಟು ಬಿಚ್ಚುವುದು ಯಾಕೋ ಅವತ್ತು ಬಹಳ ನಿಧಾನವಾಯಿತು.

ಶಿರಸ್ತೇದಾರ ಕುವಾಂಗ್ ಅವರು ತಮ್ಮ ಜಾಗದಿಂದ ಎದ್ದು ಬಂದು, ಯಾರೂ ಕೇಳದಿದ್ದರೂ, ಆ ಕಾಗದವನ್ನು ಎರಡು ಕೈಯಲ್ಲೂ ಎತ್ತಿಕೊಂಡರು.

"ಏನ್ರೀ ಅದು?" ಎಂದರು ಹೊಸ ಅಮಲ್ದಾರರು.

"ಏನಿಲ್ಲ ಸ್ವಾಮಿ. ಒಂದ್ಸಲ ಓದ್ತೀನಿ."

ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಂದಾಯದ ಗುಮಾಸ್ತರು ಕುಂಚ ಕೆಳಗಿಟ್ಟರು. ಪಾಂಗ್ ಕುಂಚ ಕೆಳಗಿಟ್ಟ. ಸಾಲುಸಾಲಾಗಿ ಎಲ್ಲರೂ ಕೈಕಟ್ಟಿಕೊಂಡು ಕೂತರು. ಹೊಸ ಅಮಲ್ದಾರ ಸಾಹೇಬರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಇದು ಈ ಊರಿನ ಯಾವುದೋ ಹಳೆಯ ಸಂಪ್ರದಾಯವಿರಬೇಕೆಂದುಕೊಂಡು, ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಕಾಯುತ್ತ ಕೂತರು.